ನಿಲ್ಲುವುದನ್ನು ಕಲಿತ ಊರು

ಜರ್ಮನಿಯ ಮಾನ್‌ಹೈಮ್ ನಗರದ ನಡುಪೇಟೆಯಲ್ಲಿ ಬೀದಿಗಳಿಗೆ ಹೆಸರಿಲ್ಲವೆಂದೇ ಹೇಳಬೇಕು. ಮನೆಯ ವಿಳಾಸ ಕೇಳಿದರೆ ‘ಎಂ 1’ ಎಂದೋ ‘ಟಿ 6’ ಎಂದೋ ಉತ್ತರ ಬರುತ್ತದೆ. ಹೊಸಬರಿಗೆ ಚದುರಂಗದ ನಡೆಗಳನ್ನು ಕೇಳಿದಂತಾಗುತ್ತದೆ. ಊರನ್ನು ಕಟ್ಟಿರುವುದೂ ಚದುರಂಗದ ಮಣೆಯ ಹಾಗೆಯೇ. 1606ರಲ್ಲಿ ಪಲಾಟಿನೇಟ್ ಸೀಮೆಯ ದೊರೆ ನಾಲ್ಕನೆಯ ಫ್ರೆಡ್ರಿಕ್ ಇಲ್ಲಿ ಕೋಟೆಗೆ ಅಡಿಗಲ್ಲು ಇಟ್ಟ. ಮರುವರ್ಷ ನಗರದ ಹಕ್ಕು ದೊರೆಯಿತು. ಅರಮನೆಯಿಂದ ಹೊರಟ ಹೆಬ್ಬೀದಿಯ ಒಂದು ಮಗ್ಗುಲಿಗೆ ‘ಎ’ಯಿಂದ ‘ಕೆ’ವರೆಗೆ, ಇನ್ನೊಂದು ಮಗ್ಗುಲಿಗೆ ‘ಎಲ್’ನಿಂದ ‘ಯು’ವರೆಗೆ ಅಕ್ಷರಗಳು. ಹೆಬ್ಬೀದಿಯಿಂದ ದೂರ ಸರಿದಂತೆ ಅಕ್ಷರದ ಪಕ್ಕದ ಅಂಕಿ ಏರುತ್ತ ಹೋಗುತ್ತದೆ. ಒಟ್ಟು 144 ಚೌಕಗಳು. ಹದಿನೇಳನೆಯ ಶತಮಾನದ ಯುದ್ಧಗಳಲ್ಲಿ ಊರು ಸುಟ್ಟು ಬೂದಿಯಾಯಿತು. ಎರಡನೆಯ ಮಹಾಯುದ್ಧದ ಬಾಂಬುಗಳು ನಡುಪೇಟೆಯನ್ನು ಕೆಡವಿದವು. ಆದರೂ ಊರು ಮತ್ತೆ ಎದ್ದದ್ದು ಅದೇ ಚೌಕಗಳ ಮೇಲೆ.

ರೈನ್ ಮತ್ತು ನೆಕ್ಕಾರ್ ನದಿಗಳ ಸಂಗಮದಲ್ಲಿರುವ ಈ ಊರಿನ ನೆಲ ಅಂಗೈಯಷ್ಟು ಸಮತಟ್ಟು. ಸುಮಾರು ಮೂರು ಲಕ್ಷ ಜನ. ನದಿಯಾಚೆ ಲುಡ್ವಿಗ್ಸ್‌ಹಾಫೆನ್ನಿನ ರಾಸಾಯನಿಕ ಕಾರ್ಖಾನೆಗಳ ಹೊಗೆಕೊಳವೆಗಳು ಕಾಣುತ್ತವೆ. 1720ರಲ್ಲಿ ಕಟ್ಟಲು ಶುರುವಾಗಿ 1760ರಲ್ಲಿ ಮುಗಿದ ಅರಮನೆಯಲ್ಲಿ ಈಗ ವಿಶ್ವವಿದ್ಯಾನಿಲಯದ ತರಗತಿಗಳು ನಡೆಯುತ್ತವೆ. ಸಂಗೀತಗಾರ ಮೋಜಾರ್ಟ್ 1777ರಲ್ಲಿ ಇಲ್ಲಿಗೆ ಕೆಲಸ ಹುಡುಕಿಕೊಂಡು ಬಂದು, ಸಿಗದೆ ಹಿಂದಿರುಗಿದ್ದ. ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವುದು ಮಾತ್ರ 60 ಮೀಟರ್ ಎತ್ತರದ ನೀರಿನ ಗೋಪುರದ ಮುಂದೆ. 1889ರಲ್ಲಿ ಪೂರ್ತಿಯಾದ ಈ ಗೋಪುರವೇ ಊರಿನ ಗುರುತು. ಒಂದು ನೀರಿನ ಟ್ಯಾಂಕನ್ನು ಊರಿನ ಹೆಮ್ಮೆಯ ಚಿಹ್ನೆ ಮಾಡಿಕೊಂಡವರು ಜಗತ್ತಿನಲ್ಲಿ ಕಡಿಮೆ.

ಇವೆಲ್ಲವನ್ನೂ ಸುತ್ತಿಸಿ ತೋರಿಸುವುದು ಟ್ರಾಮ್. 1878ರಲ್ಲಿ ಕುದುರೆಗಳು ಎಳೆಯುತ್ತಿದ್ದ ಗಾಡಿ 1900ರಲ್ಲಿ ವಿದ್ಯುತ್ತಿಗೆ ತಿರುಗಿತು. ಊರಿನ ನಟ್ಟನಡುವೆ ಇರುವ ಪರಾಡೆಪ್ಲಾಟ್ಸ್ ಎಂಬ ಚೌಕದಲ್ಲಿ ನಿಂತರೆ ಒಂದಾದ ಮೇಲೊಂದು ಟ್ರಾಮ್ ಬಂದು ನಿಲ್ಲುತ್ತದೆ, ಜನರನ್ನು ಇಳಿಸಿ ಹತ್ತಿಸಿಕೊಂಡು ಹೊರಡುತ್ತದೆ. ಬರುವಾಗ ಕಿವಿಗೊಟ್ಟು ಕೇಳಬೇಕು. ಚಕ್ರ ಕಿರುಚುವುದಿಲ್ಲ. ಮೋಟಾರಿನ ಗುಂಯ್ ಸದ್ದು ಮೇಲಿನ ಸ್ವರದಿಂದ ಕೆಳಗಿನ ಸ್ವರಕ್ಕೆ ಇಳಿಯುತ್ತ ಬಂದು, ಕೊನೆಯ ಒಂದೆರಡು ಗಜದಲ್ಲಿ ಮಾತ್ರ ಬ್ರೇಕು ಕಚ್ಚಿದ ಸಣ್ಣ ಸದ್ದಾಗುತ್ತದೆ.

ಹಾಗಾದರೆ ಇಷ್ಟು ಹೊತ್ತು ವಿದ್ಯುತ್ತು ಕುಡಿದು ಗಳಿಸಿದ ವೇಗ ಎಲ್ಲಿ ಹೋಯಿತು?

ಲೆಕ್ಕ ಸುಲಭ. 40 ಟನ್ ತೂಕದ ಟ್ರಾಮ್ ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎನ್ನಿ. ಅದರ ಚಲನಶಕ್ತಿ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಗಂಟೆ, ಅಂದರೆ ಮನೆಯ ಮೀಟರಿನಲ್ಲಿ ಓಡುವ ಒಂದು ಯೂನಿಟ್. ಹಳೆಯ ಬಗೆಯ ಬ್ರೇಕು ಹಾಕಿ ನಿಲ್ಲಿಸಿದರೆ ಆ ಯೂನಿಟ್ಟೆಲ್ಲ ಕಬ್ಬಿಣವನ್ನು ಬಿಸಿ ಮಾಡಿ ಗಾಳಿಗೆ ಹೋಗುತ್ತದೆ. ಅಷ್ಟು ಶಾಖದಲ್ಲಿ ಹನ್ನೊಂದು ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದು ನಿಲುಗಡೆಗೆ ಒಂದು ಹಂಡೆ ಬಿಸಿನೀರು. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿದ ಬಸ್ಸು ಘಟ್ಟದ ಬುಡದಲ್ಲಿ ನಿಂತಾಗ ಮೂಗಿಗೆ ಬಡಿಯುವ ಸುಟ್ಟ ವಾಸನೆ ಈ ನಷ್ಟದ ವಾಸನೆಯೇ. ಘಟ್ಟದಲ್ಲಿ ಇಳಿಜಾರು ತಿನ್ನುತ್ತದೆ, ಊರಿನಲ್ಲಿ ನಿಲ್ದಾಣಗಳು ತಿನ್ನುತ್ತವೆ.

ಮಾನ್‌ಹೈಮ್ ಎಂದರೆ ಚಕ್ರಗಳ ಊರು. ಸೈಕಲ್ಲಿನ ಪೂರ್ವಜ ಹುಟ್ಟಿದ್ದು ಇಲ್ಲಿ, ಮೋಟಾರು ಕಾರು ಹುಟ್ಟಿದ್ದೂ ಇಲ್ಲಿ. ಎಲ್ಲ ಪ್ರವಾಸಿ ಪುಸ್ತಕಗಳೂ ಅದನ್ನು ಹೇಳುತ್ತವೆ. ಆದರೆ ಇದೇ ಊರಿನ ಕತೆಯನ್ನು ಬ್ರೇಕಿನ ಕಡೆಯಿಂದಲೂ ಹೇಳಬಹುದು. ಹಾಗೆ ನೋಡಿದರೆ ಇಲ್ಲಿ ಇನ್ನೂರು ವರ್ಷಗಳಲ್ಲಿ ಚಕ್ರವನ್ನು ಮೂರು ವಸ್ತುಗಳಿಂದ ನಿಲ್ಲಿಸಿದ್ದಾರೆ: ಹಗ್ಗ, ತೊಗಲು ಮತ್ತು ಇದ್ದಿಲು.

ಹಗ್ಗ ಹಿಡಿದ ಬ್ಯಾರನ್

ಹಗ್ಗದ ಕತೆ ಎಂ 1 ಚೌಕದಿಂದ ಶುರುವಾಗುತ್ತದೆ. ಅಲ್ಲಿ ಬ್ಯಾರನ್ ಕಾರ್ಲ್ ಫಾನ್ ಡ್ರೈಸ್ ವಾಸವಾಗಿದ್ದ. ಅರಣ್ಯಾಧಿಕಾರಿಯಾಗಿದ್ದರೂ ಆ ಕೆಲಸಕ್ಕಿಂತ ಯಂತ್ರಗಳ ಹುಚ್ಚೇ ಹೆಚ್ಚು. 1817ರ ಜೂನ್ 12ರಂದು ಆತ ಮರದ ಎರಡು ಚಕ್ರಗಳ ಒಂದು ಗಾಡಿಯ ಮೇಲೆ ಕಾಲಗಲಿಸಿ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಶ್ವೆಟ್ಸಿಂಗನ್ ದಾರಿ ಹಿಡಿದ. ಅಂಚೆಯ ಕುದುರೆ ಬದಲಿಸುವ ಛತ್ರದವರೆಗೆ ಹೋಗಿ ಹಿಂದಿರುಗಿದ. ಹದಿಮೂರು ಹದಿನಾಲ್ಕು ಕಿ.ಮೀ. ದಾರಿಯನ್ನು ಮುಗಿಸಲು ಆತನಿಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಪೆಡಲ್ ಇಲ್ಲದ ಆ ಗಾಡಿಯೇ ಇಂದಿನ ಸೈಕಲ್ಲಿನ ಮುತ್ತಾತ.

ಅದಕ್ಕೆ ಎರಡು ವರ್ಷ ಮೊದಲು, 1815ರಲ್ಲಿ, ಇಂದಿನ ಇಂಡೋನೇಷ್ಯಾದ ಟಾಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರ ಧೂಳು ಮೇಲೇರಿ ಬಿಸಿಲನ್ನು ಮರೆಮಾಡಿದ್ದರಿಂದ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹಾಳಾಯಿತು, ಓಟ್ಸ್ ತುಟ್ಟಿಯಾಯಿತು, ಕುದುರೆ ಸಾಕುವುದು ಕಷ್ಟವಾಯಿತು. ಮೇವು ಬೇಡದ ಕುದುರೆಯನ್ನು ಡ್ರೈಸ್ ಹುಡುಕಿದ್ದು ಈ ಕಾರಣಕ್ಕಾಗಿಯೇ ಎಂದು ತರ್ಕಿಸುವ ಇತಿಹಾಸಕಾರರಿದ್ದಾರೆ.

ಕಾಲಲ್ಲಿ ಒದೆಯುವ ಗಾಡಿಯನ್ನು ಕಾಲೂರಿ ನಿಲ್ಲಿಸಬಹುದು ಎಂದು ಯಾರಿಗಾದರೂ ಅನ್ನಿಸೀತು. ಇಳಿಜಾರಿನಲ್ಲಿ ಅದು ಸಾಲದು ಎಂಬುದು ಡ್ರೈಸನಿಗೆ ತಿಳಿದಿತ್ತು. ಹಿಂದಿನ ಚಕ್ರಕ್ಕೆ ಒಂದು ಮರದ ತುಂಡನ್ನು ಒತ್ತುವಂತೆ ಮಾಡಿ, ಅದನ್ನು ಎಳೆಯಲು ಒಂದು ಹುರಿಯನ್ನು ಕಟ್ಟಿದ್ದ. ಮಾನ್‌ಹೈಮ್‌ನ ಮೊದಲ ಬ್ರೇಕು ಎಂದು ಅದನ್ನೇ ಕರೆಯಬಹುದು. ಸೈಕಲ್ಲಿನ ಬ್ರೇಕಿಗೆ ಇಂದಿಗೂ ತಂತಿಯೊಂದು ಹೋಗುವುದನ್ನು ಕಂಡಾಗ ಆ ಹುರಿಯ ನೆನಪಾಗಬೇಕು.

ಡ್ರೈಸನಿಗೆ ಅದರಿಂದ ಸುಖ ಸಿಗಲಿಲ್ಲ. ಜನ ಒಂದೆರಡು ವರ್ಷ ಆಡಿ ಬಿಟ್ಟರು, ಆಮೇಲೆ ನಕ್ಕರು. 1849ರ ಕ್ರಾಂತಿಯ ಕಾಲದಲ್ಲಿ ಆತ ‘ಬ್ಯಾರನ್’ ಎಂಬ ಬಿರುದನ್ನು ತೊರೆದು ತಾನೂ ಒಬ್ಬ ಸಾಮಾನ್ಯ ನಾಗರಿಕ ಎಂದು ಸಾರಿದ. ಕ್ರಾಂತಿ ಸೋತಿತು. 1851ರಲ್ಲಿ ಡ್ರೈಸ್ ಕಾರ್ಲ್ಸ್‌ರುಹೆ ನಗರದಲ್ಲಿ ಬಡವನಾಗಿ ಸತ್ತ.

ತವರಿಗೆ ಹೊರಟ ಬೆರ್ತಾ

ತೊಗಲಿನ ಕತೆಗೆ ಟಿ 6 ಚೌಕಕ್ಕೆ ಬರಬೇಕು. ಅಲ್ಲಿ ಕಾರ್ಲ್ ಬೆಂಜ್‌ನ ಕಾರ್ಯಾಗಾರವಿತ್ತು. ಆತನ ಮೂರು ಚಕ್ರದ ಮೋಟಾರು ಗಾಡಿಗೆ 1886ರ ಜನವರಿ 29ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಜುಲೈ 3ರಂದು ಊರಿನ ವರ್ತುಲ ರಸ್ತೆಯಲ್ಲಿ ಅದನ್ನು ಜನರೆದುರು ಓಡಿಸಿ ತೋರಿಸಿದ. ಮುಕ್ಕಾಲು ಅಶ್ವಶಕ್ತಿ, ಗಂಟೆಗೆ ಹೆಚ್ಚೆಂದರೆ 16 ಕಿ.ಮೀ. ಜನ ನೋಡಿದರು, ಆದರೆ ಕೊಳ್ಳಲು ಮುಂದೆ ಬರಲಿಲ್ಲ.

ಆತನ ಹೆಂಡತಿ ಬೆರ್ತಾಗೆ ಇದು ಬರಿಯ ಯಂತ್ರದ ಪ್ರಶ್ನೆಯಾಗಿರಲಿಲ್ಲ. ಮದುವೆಗೂ ಮುಂಚೆಯೇ ತನ್ನ ವರದಕ್ಷಿಣೆಯ ಹಣವನ್ನು ಕೇಳಿ ಪಡೆದು ಆತನ ಉದ್ಯಮಕ್ಕೆ ಹಾಕಿದ್ದಳು. ಗಾಡಿ ಮಾರಾಟವಾಗದಿದ್ದರೆ ಮನೆ ಮುಳುಗುತ್ತಿತ್ತು. 1888ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ, ಗಂಡ ಏಳುವ ಮೊದಲೇ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಗಾಡಿಯನ್ನು ಹೊರಗೆ ತಳ್ಳಿಸಿದಳು. ಹೊರಟದ್ದು ಫೋರ್ಟ್ಸ್‌ಹೈಮ್‌ಗೆ, ತನ್ನ ತವರಿಗೆ. ನೂರು ಕಿ.ಮೀ. ಮೀರಿದ ದಾರಿ. ಅಷ್ಟು ದೂರವನ್ನು ಅದುವರೆಗೆ ಯಾವ ಮೋಟಾರು ಗಾಡಿಯೂ ಕ್ರಮಿಸಿರಲಿಲ್ಲ.

ವೀಸ್ಲೋಖ್ ಊರಿನಲ್ಲಿ ಇಂಧನ ತೀರಿದಾಗ ಔಷಧದ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ತೈಲವನ್ನು ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಕೆಲಸಕ್ಕೆ ಬಂತು. ಏರಿನಲ್ಲಿ ಮಕ್ಕಳು ಇಳಿದು ತಳ್ಳಿದರು. ಈ ಪ್ರಸಂಗಗಳನ್ನು ಜರ್ಮನಿಯ ಶಾಲಾಮಕ್ಕಳೂ ಬಲ್ಲರು.

ಆದರೆ ಪ್ರಾಣಕ್ಕೆ ಸಂಚಕಾರ ಬಂದದ್ದು ಏರಿನಲ್ಲಲ್ಲ, ಇಳಿಜಾರಿನಲ್ಲಿ. ಮಾನ್‌ಹೈಮ್‌ನ ಸಮತಟ್ಟಾದ ಬೀದಿಗಳಿಗೆ ಹೊಂದಿಸಿದ ಮರದ ಬ್ರೇಕು ಗುಡ್ಡದ ದಾರಿಯಲ್ಲಿ ಸವೆದು ಹೋಯಿತು. ಗಾಡಿಯೂ ಮೂವರೂ ಸೇರಿ ಐನೂರು ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರ್ ಎತ್ತರದಿಂದ ಇಳಿಯುವಾಗ ಆ ಸಣ್ಣ ಮರದ ತುಂಡುಗಳು ನುಂಗಬೇಕಾದ ಶಾಖ ಒಂದೂವರೆ ಲೀಟರ್ ನೀರು ಕುದಿಸುವಷ್ಟು. ಬೌಶ್ಲಾಟ್ ಎಂಬ ಹಳ್ಳಿಯಲ್ಲಿ ಬೆರ್ತಾ ಜೋಡು ಹೊಲಿಯುವವನನ್ನು ಹುಡುಕಿ, ಬ್ರೇಕಿನ ತುಂಡುಗಳಿಗೆ ತೊಗಲಿನ ಪಟ್ಟಿ ಹೊಡೆಸಿದಳು. ಗಾಡಿ ಹಿಡಿತಕ್ಕೆ ಬಂತು. ಮೋಟಾರು ಚರಿತ್ರೆ ಬರೆಯುವವರು ‘ಬ್ರೇಕ್ ಲೈನಿಂಗ್’ ಎಂಬುದರ ಹುಟ್ಟನ್ನು ಈ ಹಳ್ಳಿಯಿಂದ ಎಣಿಸುತ್ತಾರೆ. ಸಂಜೆ ಹೊತ್ತಿಗೆ ಫೋರ್ಟ್ಸ್‌ಹೈಮ್ ಮುಟ್ಟಿ ಗಂಡನಿಗೆ ತಂತಿ ಕಳುಹಿಸಿದಳು.

ಆಕೆ ತಂದ ವರದಿಯ ಮೇಲೆ ಗಾಡಿಗೆ ಏರಿನ ಗೇರು ಬಂತು. ಕೊಳ್ಳುವವರೂ ಬಂದರು. ಬೆರ್ತಾ 95 ವರ್ಷ ಬದುಕಿ 1944ರಲ್ಲಿ, ಮಾನ್‌ಹೈಮ್‌ಗೆ ಸಮೀಪದ ಲಾಡನ್‌ಬುರ್ಗ್‌ನಲ್ಲಿ ತೀರಿಕೊಂಡಳು. ಆಕೆ ಹೋದ ದಾರಿಯನ್ನು 2008ರಿಂದ ಸ್ಮಾರಕ ಮಾರ್ಗವೆಂದು ಗುರುತಿಸಿದ್ದಾರೆ. ದಾರಿಯುದ್ದಕ್ಕೂ ಫಲಕಗಳಿವೆ.

ನದಿಯ ಮೇಲ್ದಂಡೆಯ ಇಬ್ಬರು

ಹಗ್ಗವಿರಲಿ, ತೊಗಲಿರಲಿ, ಎರಡೂ ಮಾಡಿದ್ದು ಒಂದೇ ಕೆಲಸ: ವೇಗವನ್ನು ತಿಕ್ಕಿ ಶಾಖ ಮಾಡುವುದು. ಹೀಗೆ ಮಾಯವಾದ ವೇಗಕ್ಕೂ ಹುಟ್ಟಿದ ಶಾಖಕ್ಕೂ ಲೆಕ್ಕ ಸರಿಹೊಂದುತ್ತದೆ ಎಂದು ಮೊದಲು ಕಂಡವರಲ್ಲಿ ಒಬ್ಬ ಇದೇ ನೆಕ್ಕಾರ್ ನದಿಯ ದಂಡೆಯವನು. ನದಿಯ ಮೇಲ್ಭಾಗದಲ್ಲಿರುವ ಹೈಲ್‌ಬ್ರಾನ್ ಊರಿನ ವೈದ್ಯ ರಾಬರ್ಟ್ ಮೇಯರ್.

1840ರಲ್ಲಿ ಮೇಯರ್ ಹಡಗಿನ ವೈದ್ಯನಾಗಿ ಜಾವಾಕ್ಕೆ ಹೋದ. ಅಲ್ಲಿ ನಾವಿಕರ ರಕ್ತನಾಳ ಕೊಯ್ದಾಗ ಅಶುದ್ಧ ರಕ್ತವೂ ಕೆಂಪಗೆ ಹೊಳೆಯುತ್ತಿತ್ತು. ಸೆಖೆಯ ನಾಡಿನಲ್ಲಿ ಮೈಯನ್ನು ಬೆಚ್ಚಗಿಡಲು ದೇಹ ಹೆಚ್ಚು ಉರಿಸಬೇಕಿಲ್ಲ, ಅದಕ್ಕೇ ಆಮ್ಲಜನಕ ಉಳಿದಿದೆ ಎಂದು ಆತ ಊಹಿಸಿದ. ಆ ಊಹೆ ಬೆಳೆದು, ಶಾಖ, ಚಲನೆ, ಕೆಲಸ ಇವೆಲ್ಲ ಒಂದೇ ಶಕ್ತಿಯ ಬೇರೆ ಬೇರೆ ವೇಷಗಳು ಎಂಬಲ್ಲಿಗೆ ಮುಟ್ಟಿತು. 1842ರಲ್ಲಿ ಲೇಖನ ಅಚ್ಚಾಯಿತು. ಯಾರೂ ಕಿವಿಗೊಡಲಿಲ್ಲ. ಇಂಗ್ಲೆಂಡಿನ ಜೂಲ್ ಪ್ರಯೋಗದಿಂದ ಅದೇ ಮಾತನ್ನು ಸಾಧಿಸಿದಾಗ ಹೆಸರು ಆತನದಾಯಿತು. ಅವಮಾನ ಒಂದು ಕಡೆ, ಮಕ್ಕಳ ಸಾವು ಇನ್ನೊಂದು ಕಡೆ. 1850ರಲ್ಲಿ ಮೇಯರ್ ಕಿಟಕಿಯಿಂದ ಹಾರಿದ. ಬದುಕುಳಿದರೂ ಕೆಲಕಾಲ ಮನೋರೋಗಿಗಳ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಕೊನೆಗೆ 1871ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆತನಿಗೆ ಕೋಪ್ಲಿ ಪದಕ ನೀಡಿತು.

ಹೈಲ್‌ಬ್ರಾನ್‌ನಿಂದ ಕೆಳಗೆ ಹರಿದ ನೆಕ್ಕಾರ್, ಮಾನ್‌ಹೈಮ್ ಸೇರುವ ಮೊದಲು ಹೈಡೆಲ್‌ಬರ್ಗ್ ಊರನ್ನು ಹಾದು ಬರುತ್ತದೆ. ಟ್ರಾಮಿನಲ್ಲೇ ಹೋಗಿಬರುವಷ್ಟು ಹತ್ತಿರ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ 1858ರಿಂದ 1871ರವರೆಗೆ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ ಪ್ರಾಧ್ಯಾಪಕನಾಗಿದ್ದ. ಶಕ್ತಿಯ ನಿತ್ಯತೆಯನ್ನು 1847ರಲ್ಲಿ ಗಣಿತದ ಭಾಷೆಯಲ್ಲಿ ಗಟ್ಟಿಮಾಡಿದವನು ಈತನೇ. ಹೈಡೆಲ್‌ಬರ್ಗ್‌ಗೆ ಬರುವ ಮೊದಲೇ, 1853ರಲ್ಲಿ, ಇನ್ನೊಂದು ಸಂಗತಿಯನ್ನೂ ಬರೆದಿದ್ದ. ವಾಹಕವೊಂದು ದ್ರಾವಣವನ್ನು ಮುಟ್ಟುವ ಗಡಿಯಲ್ಲಿ, ವಾಹಕದ ಮೈಯಲ್ಲಿ ಒಂದು ಬಗೆಯ ವಿದ್ಯುದಾವೇಶ, ಎದುರಿಗೆ ದ್ರಾವಣದಲ್ಲಿ ಇನ್ನೊಂದು ಬಗೆಯ ಆವೇಶ ಸಾಲುಗಟ್ಟಿ ನಿಲ್ಲುತ್ತವೆ. ಈ ಜೋಡಿ ಪದರ ಒಂದು ವಿದ್ಯುತ್ ಧಾರಕದಂತೆ ವರ್ತಿಸುತ್ತದೆ ಎಂದು.

ಕಳೆದದ್ದು ಎಲ್ಲೂ ಹೋಗಿಲ್ಲ, ಶಾಖವಾಗಿದೆ ಎಂದು ಒಬ್ಬ ಹೇಳಿದ. ಶಾಖವಾಗುವ ಮೊದಲೇ ಅದನ್ನು ಹಿಡಿದಿಡಬಲ್ಲ ಪಾತ್ರೆಯ ಗುಟ್ಟನ್ನು ಇನ್ನೊಬ್ಬ ಹೇಳಿದ. ಆ ಪಾತ್ರೆ ಟ್ರಾಮಿನ ತಲೆಯ ಮೇಲೆ ಕೂರಲು ಮತ್ತೆ ಒಂದೂವರೆ ಶತಮಾನ ಹಿಡಿಯಿತು.

ಛಾವಣಿಯ ಮೇಲಿನ ಪೆಟ್ಟಿಗೆ

ವಿದ್ಯುತ್ ಗಾಡಿಗೆ ತಿಕ್ಕದೆ ನಿಲ್ಲುವ ಉಪಾಯ ಹುಟ್ಟಿನಿಂದಲೇ ಇದೆ. ಸೈಕಲ್ಲಿನ ಡೈನಮೊ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಡೈನಮೊದ ತಲೆಯನ್ನು ಟೈರಿಗೆ ತಾಗಿಸಿದ ಕೂಡಲೇ ಪೆಡಲು ಭಾರವಾಗುತ್ತದೆ, ದೀಪ ಹತ್ತುತ್ತದೆ. ಆ ಭಾರವೇ ಬ್ರೇಕು, ಆ ಬೆಳಕೇ ಗಳಿಕೆ. ಟ್ರಾಮನ್ನು ಎಳೆಯುವ ಮೋಟಾರು, ಚಾಲಕ ನಿಲ್ಲಿಸಲು ಹೊರಟಾಗ ಡೈನಮೊ ಆಗುತ್ತದೆ. ಗಾಡಿ ನಿಧಾನವಾಗುತ್ತದೆ, ವಿದ್ಯುತ್ತು ಹುಟ್ಟುತ್ತದೆ.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಹುಟ್ಟಿದ ವಿದ್ಯುತ್ತನ್ನು ಮೇಲಿನ ತಂತಿಗೆ ಕೊಡಬಹುದು, ಆದರೆ ಅದೇ ಹೊತ್ತಿಗೆ ಹತ್ತಿರದಲ್ಲಿ ಇನ್ನೊಂದು ಟ್ರಾಮ್ ಹೊರಡುತ್ತಿರಬೇಕು. ತೆಗೆದುಕೊಳ್ಳುವವರಿಲ್ಲದಿದ್ದರೆ ತಂತಿ ಬೇಡವೆನ್ನುತ್ತದೆ. ಟ್ರಾಮಿಗೆ ವಿದ್ಯುತ್ ಕೊಡುವ ಉಪಕೇಂದ್ರಗಳು ಸಾಮಾನ್ಯವಾಗಿ ಒಮ್ಮುಖದ ಬಾಗಿಲಿದ್ದಂತೆ. ಕೊಡುತ್ತವೆ, ಹಿಂದಕ್ಕೆ ಪಡೆಯುವುದಿಲ್ಲ. ಆಗ ಆ ವಿದ್ಯುತ್ತನ್ನು ಛಾವಣಿಯ ಮೇಲಿನ ದೊಡ್ಡ ರೋಧಕಗಳಿಗೆ ಹರಿಸಿ ಸುಡಬೇಕು. ತಿಕ್ಕಾಟ ತಪ್ಪಿತು ನಿಜ, ಬಿಸಿನೀರಿನ ಹಂಡೆ ತಪ್ಪಲಿಲ್ಲ.

ಮಾನ್‌ಹೈಮ್‌ನಲ್ಲಿ 1900ರಿಂದ ವಿದ್ಯುತ್ ಯಂತ್ರಗಳ ದೊಡ್ಡ ಕಾರ್ಖಾನೆಯಿದೆ. ಬ್ರೌನ್ ಬೊವೆರಿ ಕಂಪನಿ ಸ್ಥಾಪಿಸಿದ ಈ ಉದ್ಯಮದ ರೈಲ್ವೆ ವಿಭಾಗ ಹಲವು ಕೈ ಬದಲಾಯಿಸಿ 2001ರಲ್ಲಿ ಬೊಂಬಾರ್ಡಿಯರ್‌ಗೆ, 2021ರಲ್ಲಿ ಆಲ್‌ಸ್ಟಾಮ್‌ಗೆ ಸೇರಿತು. ಬೊಂಬಾರ್ಡಿಯರ್‌ನ ಎಂಜಿನಿಯರುಗಳು 2003ರಲ್ಲಿ ಊರಿನ ಒಂದು ಟ್ರಾಮಿನ ನೆತ್ತಿಯ ಮೇಲೆ ಒಂದು ಪೆಟ್ಟಿಗೆ ಕೂರಿಸಿದರು. ಒಳಗೆ ಸುಮಾರು 600 ಸೂಪರ್ ಕೆಪಾಸಿಟರ್ ಕೋಶಗಳು. ತೂಕ ಅರ್ಧ ಟನ್ನಿಗೆ ಹತ್ತಿರ. ಇಷ್ಟು ದೊಡ್ಡ ಪೆಟ್ಟಿಗೆ ಹಿಡಿಯುವುದು ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ತು ಮಾತ್ರ.

ಇಷ್ಟೇನೇ ಎನ್ನಿಸಬಹುದು. ಮಾಮೂಲಿ ಕಾರಿನ ಎರಡು ಬ್ಯಾಟರಿಗಳು ಅಷ್ಟನ್ನು ಹಿಡಿಯುತ್ತವೆ. ಆದರೆ ಟ್ರಾಮ್ ಪೂರ್ಣ ವೇಗದಿಂದ ನಿಲ್ಲಲು ಹಿಡಿಯುವುದು ಹನ್ನೆರಡು ಹದಿಮೂರು ಸೆಕೆಂಡು. ಅಷ್ಟರೊಳಗೆ ಒಂದು ಯೂನಿಟ್ ತುಂಬಬೇಕೆಂದರೆ 300 ಕಿಲೋವ್ಯಾಟ್ ಹರಿವನ್ನು ತಾಳಿಕೊಳ್ಳಬೇಕು. ಕಾರಿನ ಬ್ಯಾಟರಿಗೆ ಅದನ್ನು ನುಗ್ಗಿಸಿದರೆ ಒಡೆದು ಹೋದೀತು. ಮಾನ್‌ಹೈಮ್‌ನ ಪೆಟ್ಟಿಗೆ ತಾಳುವಂತೆ ಮಾಡಿದ್ದು ನಿಖರವಾಗಿ ಇಷ್ಟನ್ನು.

ಬ್ಯಾಟರಿಯನ್ನು ಕಣಜಕ್ಕೆ ಹೋಲಿಸಬಹುದು. ಬಹಳ ಹಿಡಿಯುತ್ತದೆ, ಬಾಯಿ ಕಿರಿದು. ತುಂಬಲೂ ಸಮಯ, ತೆಗೆಯಲೂ ಸಮಯ. ಸೂಪರ್ ಕೆಪಾಸಿಟರ್ ಕೊಳಗದಂತೆ. ಹಿಡಿಯುವುದು ಅಷ್ಟಕ್ಕಷ್ಟೆ, ಆದರೆ ಬಾಯಿಯೇ ಪಾತ್ರೆಯಷ್ಟು ಅಗಲ. ಒಂದೇ ಸಲಕ್ಕೆ ತುಂಬು, ಒಂದೇ ಸಲಕ್ಕೆ ಸುರಿ. ಕಣಜದ ಒಳಗೆ ರಾಸಾಯನಿಕ ಕ್ರಿಯೆ ನಡೆಯಬೇಕು, ಪ್ರತಿ ಸಲವೂ ಅದರ ಒಡಲು ಸ್ವಲ್ಪ ಸವೆಯುತ್ತದೆ. ಕೊಳಗದಲ್ಲಿ ಆವೇಶಗಳು ಬಂದು ಮೈಗೆ ಅಂಟಿ ನಿಲ್ಲುತ್ತವೆ, ಬಿಟ್ಟು ಹೋಗುತ್ತವೆ; ಬೇರೇನೂ ಆಗುವುದಿಲ್ಲ. ಟ್ರಾಮೊಂದು ದಿನಕ್ಕೆ 300 ಸಲ ನಿಂತು ಹೊರಡುತ್ತದೆ ಎನ್ನೋಣ. ಐದು ಸಾವಿರ ಸಲ ತುಂಬಿ ಬರಿದಾಗುವ ಆಯುಷ್ಯದ ಸಣ್ಣ ಬ್ಯಾಟರಿ ಹದಿನೇಳೇ ದಿನಕ್ಕೆ ಮುಗಿಯುತ್ತದೆ. ಸೂಪರ್ ಕೆಪಾಸಿಟರ್ ಹತ್ತು ಲಕ್ಷ ಸಲ ತಾಳುತ್ತದೆ, ಅಂದರೆ ಒಂಬತ್ತು ವರ್ಷ.

ಇನ್ನೊಂದು ಗುಣವೂ ಇದೆ. ಧಾರಕದ ಶಕ್ತಿ ಅದರ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೋಲ್ಟೇಜು ಅರ್ಧಕ್ಕೆ ಇಳಿಯುವ ಹೊತ್ತಿಗೆ ಮುಕ್ಕಾಲು ಪಾಲು ಶಕ್ತಿ ಹೊರಬಂದಿರುತ್ತದೆ. ಆದ್ದರಿಂದ ಎಂಜಿನಿಯರುಗಳು ತಳ ಕೆರೆಯಲು ಹೋಗುವುದಿಲ್ಲ, ಅರ್ಧ ವೋಲ್ಟೇಜಿಗೆ ನಿಲ್ಲಿಸಿಬಿಡುತ್ತಾರೆ.

ಕರಟದ ಇದ್ದಿಲು

ಈ ಕೋಶಗಳ ಒಳಗಿರುವ ಮುಖ್ಯ ವಸ್ತು ಇದ್ದಿಲು. ಅಡಿಗೆಮನೆಯ ಇದ್ದಿಲಲ್ಲ, ಹಬೆಯಲ್ಲಿ ಸುಟ್ಟು ಮೈಯೆಲ್ಲ ಸೂಕ್ಷ್ಮ ರಂಧ್ರ ಮಾಡಿದ್ದು. ಜೋಡಿ ಪದರಕ್ಕೆ ಬೇಕಾದದ್ದು ದಪ್ಪವಲ್ಲ, ಮೈಯ ವಿಸ್ತಾರ. ಆವೇಶಗಳು ಎದುರುಬದುರು ನಿಲ್ಲುವ ಅಂತರ ಕೆಲವೇ ಅಣುಗಳಷ್ಟು. ಇಂಥ ಇದ್ದಿಲಿನ ಒಂದು ಗ್ರಾಂ ಪುಡಿಯ ಒಳಮೈಯನ್ನು ಬಿಡಿಸಿ ಹಾಸಿದರೆ 1000ದಿಂದ 2000 ಚದರ ಮೀಟರ್ ಆಗುತ್ತದೆ. ನಮ್ಮ ಅಳತೆಯಲ್ಲಿ ಹತ್ತರಿಂದ ಇಪ್ಪತ್ತು ಗುಂಟೆ ಜಮೀನು, ಒಂದು ಚಿಟಿಕೆ ಪುಡಿಯಲ್ಲಿ.

ಇದಕ್ಕೆ ಒಳ್ಳೆಯ ಕಚ್ಚಾವಸ್ತುಗಳಲ್ಲಿ ಒಂದು ತೆಂಗಿನ ಕರಟ. ಗಟ್ಟಿಯಾದ ಕರಟದ ಇದ್ದಿಲಿನಲ್ಲಿ ಬರುವ ರಂಧ್ರಗಳು ಅತಿ ಸಣ್ಣವು, ಅಯಾನುಗಳು ಕೂರಲು ಹೇಳಿ ಮಾಡಿಸಿದಂಥವು. ತಿಪಟೂರು, ಅರಸೀಕೆರೆ ಸೀಮೆಯಲ್ಲಿ ಕೊಬ್ಬರಿ ತೆಗೆದ ಮೇಲೆ ಕರಟವನ್ನು ಸುಟ್ಟು ಇದ್ದಿಲು ಮಾಡುವುದನ್ನು ಕಂಡವರಿಗೆ, ಆ ಕಪ್ಪು ಚೂರುಗಳ ನೆಂಟರು ದೂರದೇಶದ ವಿದ್ಯುತ್ ಕೋಶಗಳಲ್ಲಿ ಕುಳಿತಿರುತ್ತವೆ ಎಂದರೆ ನಂಬಿಕೆ ಬಾರದು. ಕರಟಕ್ಕಿಂತ ತೆಳುವಾದ ಇಂಗಾಲದ ಹಾಳೆಯ ಹುಡುಕಾಟದಲ್ಲಿ ಕನ್ನಡನಾಡಿನ ಪಾಲೂ ಇದೆ. ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆಯಿಂದ ಸೂಪರ್ ಕೆಪಾಸಿಟರ್ ಮಾಡುವ ಬಗ್ಗೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಕೆಲಸ ಮಾಡಿ 2008ರಲ್ಲಿ ಪ್ರಬಂಧ ಪ್ರಕಟಿಸಿದರು.

ಲಾಭ ಎಷ್ಟು?

ಪೆಟ್ಟಿಗೆ ಹೊತ್ತ ಮಾನ್‌ಹೈಮ್ ಟ್ರಾಮ್ ನಾಲ್ಕು ವರ್ಷ ಜನರನ್ನು ಹೊತ್ತು ಓಡಾಡಿತು. ಗಾಡಿ ಎಳೆಯಲು ಬೇಕಾದ ವಿದ್ಯುತ್ತಿನಲ್ಲಿ ಸುಮಾರು ಶೇ 30ರಷ್ಟು ಉಳಿತಾಯವಾಯಿತು ಎಂದು ಲೆಕ್ಕ ಕೊಟ್ಟರು. ಚಲನಶಕ್ತಿಯೆಲ್ಲ ಮರಳಿ ಸಿಗುವುದಿಲ್ಲ. ಗಾಳಿಯ ಮತ್ತು ಹಳಿಯ ತಡೆ ತನ್ನ ಪಾಲನ್ನು ಕಸಿಯುತ್ತದೆ, ಮೋಟಾರು ಮತ್ತು ಪೆಟ್ಟಿಗೆಯ ನಡುವೆ ಹೋಗಿಬರುವಾಗಲೂ ಒಂದಿಷ್ಟು ಸೋರುತ್ತದೆ. ಹಾಗಿದ್ದೂ ಹತ್ತರಲ್ಲಿ ಮೂರು ಪಾಲು ಸಣ್ಣದಲ್ಲ.

ಇನ್ನೊಂದು ಲಾಭವನ್ನು ನೀರಿನ ಗೋಪುರದ ಊರಿನವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಬೆಳಗ್ಗೆ ಎಲ್ಲ ಮನೆಗಳ ನಲ್ಲಿ ಒಟ್ಟಿಗೆ ತೆರೆದಾಗ ಪಂಪಿನ ಮೇಲೆ ಬೀಳುವ ಭಾರವನ್ನು ಎತ್ತರದ ಟ್ಯಾಂಕು ಹೊರುತ್ತದೆ. ಟ್ರಾಮ್ ಹೊರಡುವ ಗಳಿಗೆಯಲ್ಲಿ ತಂತಿಯಿಂದ ಒಮ್ಮೆಗೇ ಎಳೆಯುವ ವಿದ್ಯುತ್ತೂ ಹಾಗೆಯೇ. ಆ ಗಳಿಗೆಯ ಹಸಿವನ್ನು ಪೆಟ್ಟಿಗೆ ನೀಗಿಸುವುದರಿಂದ ತಂತಿಯ ಮೇಲಿನ ಗರಿಷ್ಠ ಭಾರ ಅರ್ಧಕ್ಕೆ ಇಳಿಯಿತು. ಅಷ್ಟೇ ಅಲ್ಲ, ಪೆಟ್ಟಿಗೆ ತುಂಬಿದ್ದರೆ ತಂತಿಯೇ ಇಲ್ಲದ ಕಡೆಯೂ ಕೆಲವು ನೂರು ಮೀಟರ್ ಓಡಬಹುದು. ಹಳೆಯ ಚರ್ಚು, ಅರಮನೆಗಳ ಮುಂದೆ ತಂತಿಯ ಬಲೆ ಬೇಡವೆನ್ನುವ ಊರುಗಳಿಗೆ ಇದು ಅನುಕೂಲ. ಆ ಬಳಿಕ ಈ ಪ್ರಾಂತ್ಯದ ಸಾರಿಗೆ ಸಂಸ್ಥೆ ಕೊಂಡ ವೇರಿಯೋಬಾನ್ ಟ್ರಾಮುಗಳಲ್ಲಿ ಕೆಲವು ಇಂಥ ಪೆಟ್ಟಿಗೆಗಳನ್ನು ಹೊತ್ತೇ ಬಂದವು.

ಎಲ್ಲ ಗಾಡಿಗಳಿಗೂ ಇದೇ ಮದ್ದು ಎಂದು ತಿಳಿಯಬಾರದು. ಇಂದಿನ ವಿದ್ಯುತ್ ಕಾರು, ಬಸ್ಸುಗಳಲ್ಲಿ ದೂರದ ಓಟಕ್ಕೆಂದು ದೊಡ್ಡ ಲಿಥಿಯಂ ಬ್ಯಾಟರಿ ಹೇಗೂ ಇರುತ್ತದೆ. ಕಣಜವೇ ಅಷ್ಟು ದೊಡ್ಡದಾದಾಗ ಅದರ ಕಿರಿಬಾಯಿಯೂ ಸಾಕಷ್ಟು ಅಗಲವಾಗಿ, ಬ್ರೇಕಿನ ವಿದ್ಯುತ್ತನ್ನು ನೇರವಾಗಿ ನುಂಗಿಕೊಳ್ಳುತ್ತದೆ. ಸೂಪರ್ ಕೆಪಾಸಿಟರ್‌ಗೆ ಮತ್ತೊಂದು ದೌರ್ಬಲ್ಯ, ತುಂಬಿಟ್ಟು ದಿನಗಟ್ಟಲೆ ಬಿಟ್ಟರೆ ತಾನಾಗಿ ಸೋರಿ ಹೋಗುತ್ತದೆ. ಕೂಡಿಡಲು ಅದು ಬಾರದು. ಈ ನಿಲ್ದಾಣದಲ್ಲಿ ಪಡೆದು ಇದೇ ನಿಲ್ದಾಣದಲ್ಲಿ ಕೊಡಲು ಬರುತ್ತದೆ. ಗಳಿಗೆಗೊಮ್ಮೆ ನಿಲ್ಲುವ ಟ್ರಾಮಿಗೂ ಅದಕ್ಕೂ ಜೋಡಿ ಸರಿಯಾದದ್ದು ಅದಕ್ಕೇ.

ಮಾನ್‌ಹೈಮ್ ನೋಡಬೇಕೆನ್ನುವವರಿಗೆ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ನಡುಪೇಟೆಯಲ್ಲಿ ಎಂ 1 ಮತ್ತು ಟಿ 6 ಚೌಕಗಳನ್ನು ಹುಡುಕುವುದು ಕಷ್ಟವಲ್ಲ, ಅಕ್ಷರ, ಅಂಕಿ ಓದಲು ಬಂದರೆ ಸಾಕು. ಊರಿನ ಪೂರ್ವಕ್ಕೆ, 1990ರಲ್ಲಿ ತೆರೆದ ಟೆಕ್ನೋಸಿಯಂ ಎಂಬ ವಸ್ತುಸಂಗ್ರಹಾಲಯವಿದೆ. ತಂತ್ರಜ್ಞಾನದ ಜೊತೆಗೆ ದುಡಿಮೆಯ ಚರಿತ್ರೆಯನ್ನೂ ಹೇಳುವ ಜಾಗ ಅದು. ಡ್ರೈಸ್ ಮತ್ತು ಬೆಂಜ್ ಗಾಡಿಗಳ ಮಾದರಿಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಒಂದು ದಿನ ಹೆಚ್ಚಿದ್ದರೆ ಲಾಡನ್‌ಬುರ್ಗ್‌ನ ಬೆಂಜ್ ಮನೆ, ಹೈಡೆಲ್‌ಬರ್ಗ್‌ನ ಕೋಟೆ ಎರಡನ್ನೂ ಮುಗಿಸಬಹುದು.

ರಾತ್ರಿ ತಡವಾಗಿ ಪರಾಡೆಪ್ಲಾಟ್ಸ್‌ಗೆ ಮರಳಿದರೆ ಚೌಕ ಖಾಲಿ. ಹಗಲಿನ ಗದ್ದಲದಲ್ಲಿ ಒಂದು ಟ್ರಾಮ್ ಕೊಟ್ಟದ್ದನ್ನು ಪಡೆಯಲು ಇನ್ನೊಂದು ಟ್ರಾಮ್ ಹತ್ತಿರದಲ್ಲೇ ಇರುತ್ತದೆ. ಕೊನೆಯ ಗಾಡಿಗೆ ಆ ಜೊತೆಯಿಲ್ಲ. ದೂರದಿಂದ ಅದರ ದೀಪ ಕಾಣುತ್ತದೆ, ಮೋಟಾರಿನ ಸ್ವರ ಮೆಲ್ಲಗೆ ಇಳಿಯುತ್ತದೆ, ಗಾಡಿ ನಿಲ್ಲುತ್ತದೆ. ನೆತ್ತಿಯ ಮೇಲೆ ಪೆಟ್ಟಿಗೆಯಿಲ್ಲದ ಗಾಡಿಯಾದರೆ ಆ ಒಂದು ಯೂನಿಟ್ ಅಲ್ಲಿಗೆ ಮುಗಿಯಿತು, ತಣ್ಣನೆಯ ಗಾಳಿಯಲ್ಲಿ ಕರಗಿತು. ಪೆಟ್ಟಿಗೆಯಿದ್ದರೆ, ಇಳಿಯುವ ಒಬ್ಬಿಬ್ಬರು ಇಳಿದು ಬಾಗಿಲು ಮುಚ್ಚುವಷ್ಟು ಹೊತ್ತು ಅದು ಮೇಲೆ ಕಾದಿದ್ದು, ಗಾಡಿ ಹೊರಟಾಗ ತಾನೂ ಇಳಿದು ಚಕ್ರಕ್ಕೆ ಬರುತ್ತದೆ.